ಬುರ್ಗಿ ಇಳಿಸದ ಸೊಪ್ಪು

ಡ್ಯಾನ್ಯೂಬ್ ನದಿ ದಂಡೆಯ ನಮ್ಮ ಯೋಖಿಂಗ್ ಊರಿನಲ್ಲಿ ಬಾಗಿಲ ಮೇಲೆ ಪೈನ್ ಸೊಪ್ಪಿನ ಕಟ್ಟು ತೂಗುತ್ತಿದ್ದರೆ ಮನೆಯವರು ತಮ್ಮದೇ ವೈನ್ ಮಾರುತ್ತಿದ್ದಾರೆ, ಒಳಗೆ ಹೋಗಿ ಕೂರಬಹುದು. ಇಳಿಸಿದರೆ ವ್ಯಾಪಾರ ಮುಗಿಯಿತು. ಸಾವಾದ ಮನೆಯಲ್ಲಿ ಮೊದಲು ಅದನ್ನೇ ಇಳಿಸುತ್ತಾರೆ. ಗಂಡ ಕಿಲಿಯನ್ ತೀರಿಕೊಂಡಾಗ ಬುರ್ಗಿ ಇಳಿಸಲಿಲ್ಲ.

ಅವಳು ನದಿಯಾಚೆಯ, ಬಿಸಿಲು ಕಮ್ಮಿ ಬೀಳುವ ನೆರಳು ದಂಡೆಯವಳು. ದ್ರಾಕ್ಷಿ ಕೊಯ್ಯಲು ಬಂದವಳು ಕಿಲಿಯನ್‌ನನ್ನು ಮದುವೆಯಾಗಿ ಇಲ್ಲೇ ಉಳಿದಳು. ಗುಡ್ಡದ ಮೆಟ್ಟಿಲು ಮೆಟ್ಟಿಲಾದ ದ್ರಾಕ್ಷಿ ತೋಟ ಮಾತ್ರ ಕಿಲಿಯನ್‌ನ ಅಣ್ಣ ಎಂಗೆಲ್‌ಬರ್ಟ್‌ನ ಹೆಸರಿನಲ್ಲೇ ಇತ್ತು. "ಆ ಕಡೆಯೋರಿಗೆ ಏಪ್ರಿಕಾಟ್ ಗೊತ್ತು, ದ್ರಾಕ್ಷಿ ಏನ್ ಗೊತ್ತು? ನನ್ ತಮ್ಮ ವೈನ್ ಮಾಡ್ತಿರೋವರೆಗೂ ತೋಟ ನಿಮ್ದು. ಆಮೇಲೆ ನಂದು" ಎಂದು ಅವನು ಎಲ್ಲರೆದುರೇ ಹೇಳುತ್ತಿದ್ದ. ಕಿಲಿಯನ್‌ನ ಕೈ ನಡುಗತೊಡಗಿ ಎರಡು ವರ್ಷವಾಗಿತ್ತು. ಅಂದಿನಿಂದ ದ್ರಾಕ್ಷಿ ಹಿಂಡಿದವಳು, ಪೀಪಾಯಿ ನೋಡಿಕೊಂಡವಳು ಬುರ್ಗಿ. ಪಕ್ಕದ ಮನೆಯವನಾದ ನನಗೆ ಗೊತ್ತಿತ್ತು. ಬಾಯಿ ಬಿಡಬೇಡ ಎಂದು ಕಿಲಿಯನ್ ಕೇಳಿಕೊಂಡಿದ್ದ, ಬಿಡಲಿಲ್ಲ.

ಸಮಾಧಿಯ ಬಳಿ ಎಂಗೆಲ್‌ಬರ್ಟ್ ಊರಿನವರೆದುರು ಮಾತಾಡಿದ. ತಮ್ಮನ ಕೈಗುಣ ಕೊನೆಗಾಲದಲ್ಲೇ ಕುದುರಿತ್ತು, ಹೋದ ವರ್ಷದಂಥ ರೀಸ್ಲಿಂಗ್ ವೈನ್ ಈ ಕಣಿವೆಯಲ್ಲೇ ಯಾರೂ ಮಾಡಿಲ್ಲ ಎಂದ. ಬುರ್ಗಿ ನೆಲ ನೋಡುತ್ತ ನಿಂತಿದ್ದಳು. ನನಗೆ ನಗು ಬಂತು, ಕೆಮ್ಮಿದೆ.

ಇಗರ್ಜಿಯಿಂದ ಇಳಿದು ಬಂದಾಗ ಅವಳ ಅಂಗಳದಲ್ಲಿ ಸೈಕಲ್ ಪ್ರವಾಸಿಗರು ಕೂತಿದ್ದರು. ಸೊಪ್ಪು ಕಂಡು ಬಂದವರು, ಪಾಪ, ಅವರಿಗೇನು ಗೊತ್ತು. ಬುರ್ಗಿ ಕಪ್ಪು ಉಡುಪಿನ ಮೇಲೆಯೇ ಏಪ್ರನ್ ಕಟ್ಟಿ ಗ್ಲಾಸು ತಂದಿಟ್ಟಳು. ಊರಿನವರು ರಸ್ತೆಯಲ್ಲೇ ನಿಂತರು. ಒಳಗೆ ಬಂದವನು ಎಂಗೆಲ್‌ಬರ್ಟ್ ಒಬ್ಬನೇ. ಹಿಂದೆ ನಾನು.

"ನಾಚಿಕೆ ಆಗಲ್ವೇನೇ? ಮಣ್ಣು ಹಾಕಿ ಬಂದು ಇನ್ನೂ ಕೈ ತೊಳ್ದಿಲ್ಲ. ಇಳಿಸು ಅದನ್ನ!"

"ಇಳಿಸಿದ್ರೆ ನಾಳೆನೇ ತೋಟದ ಬೇಲಿಗೆ ಬೀಗ ಹಾಕ್ತೀರಿ, ಭಾವ."

"ಹಾಕ್ದೆ ಇನ್ನೇನು? ವೈನ್ ಮಾಡೋನು ಹೋದ."

ಅವಳು ಅವನಿಗೊಂದು ಗ್ಲಾಸು ಸುರಿದು ಕೈಗಿತ್ತಳು. ಅವನು ಸಿಟ್ಟಿನಲ್ಲೇ ಕುಡಿದ. ಇನ್ನೊಂದು ಗುಟುಕನ್ನು ನಿಧಾನವಾಗಿ ಕುಡಿದ.

"ಇದೇ. ಬೆಳಿಗ್ಗೆ ಹೇಳಿದ್ನಲ್ಲ, ಇದೇ ವೈನು."

"ಅದು ನಾನು ಮಾಡಿದ್ದು. ಅದರ ಹಿಂದಿನ ವರ್ಷದ್ದೂ ನಂದೇ. ನಿಮ್ ತಮ್ಮನಿಗೆ ಚಮಚ ಹಿಡಿಯೋಕೂ ಆಗ್ತಿರ್ಲಿಲ್ಲ."

ಎಂಗೆಲ್‌ಬರ್ಟ್ ನನ್ನ ಮುಖ ನೋಡಿದ. ಹೌದೆಂದು ತಲೆಯಾಡಿಸಿದೆ. ಸಮಾಧಿಯ ಮುಂದೆ, ಇಡೀ ಊರಿನ ಎದುರು ತಾನಾಡಿದ ಮಾತನ್ನು ಅವನು ಈಗ ಹಿಂತೆಗೆದುಕೊಳ್ಳುವಂತಿರಲಿಲ್ಲ. ರಸ್ತೆಯಲ್ಲಿದ್ದವರಿಗೂ ಎಲ್ಲ ಕೇಳಿಸಿತ್ತು. ಅವನು ಟೋಪಿ ತೆಗೆದು ಬೆಂಚಿನ ಮೇಲೆ ಕೂತ, ಖಾಲಿ ಗ್ಲಾಸು ಮುಂದೆ ಚಾಚಿದ.

"ಇನ್ನೊಂದು ಹಾಕು."

"ಸ್ವಲ್ಪ ಇರಿ ಭಾವ, ಇವ್ರು ಮೊದಲು ಬಂದೋರು" ಎಂದು ಬುರ್ಗಿ ಸೈಕಲ್‌ನವರ ಮೇಜಿಗೆ ನಡೆದಳು.