ಗೋಡೌನ್ ಅಕ್ಕನ ಮನೆಯಲ್ಲಿ ಜಾಗವಿಲ್ಲ

ಆ ಮನೆಯೊಳಗೆ ಸೀನು ಬಂದರೆ ಹೊರಗೆ ಬಂದು ಸೀನಬೇಕು ಎಂದು ನಮ್ಮ ಓಣಿಯವರು ಹೇಳುತ್ತಿದ್ದರು. ಒಳಗೆ ಅಷ್ಟೂ ಜಾಗವಿಲ್ಲವಂತೆ. ಮಲಗಿದಾಗ ಗಂಡ ಹೆಂಡತಿ ಇಬ್ಬರೂ ಒಟ್ಟಿಗೇ ಮಗ್ಗುಲು ಬದಲಿಸಬೇಕಂತೆ, ಒಬ್ಬರೇ ಹೊರಳಿದರೆ ಮೇಲಿನ ಪೆಟ್ಟಿಗೆ ಕೆಳಗೆ ಬೀಳುತ್ತದಂತೆ. ಎದುರು ಮನೆಯ ಇಸ್ತ್ರಿ ಅಂಗಡಿಯವನಂತೂ, "ಆ ಯಜಮಾನ್ರು ತೆಳ್ಳಗಿರೋದು ಊಟ ಕಮ್ಮಿಯಾಗಿ ಅಲ್ಲ ಕಣ್ರೀ, ಸಾಮಾನಿನ ಸಂದೀಲಿ ಓಡಾಡಿ ಓಡಾಡಿ ಸವೆದುಹೋಗಿದಾರೆ" ಎನ್ನುತ್ತಿದ್ದ.

ಹೀಗೆ ಹೇಳಿದವರಲ್ಲಿ ಒಬ್ಬರಾದರೂ ಒಳಗೆ ಹೋಗಿ ನೋಡಿದವರಲ್ಲ. ಬಾಗಿಲಿಗೆ ಒಂದು ನೀಲಿ ಪರದೆ. ಯಾರೇ ಬರಲಿ, ಅಕ್ಕ ಆ ಪರದೆಯ ಅಂಚನ್ನು ಹಿಡಿದುಕೊಂಡು ಹೊಸ್ತಿಲ ಮೇಲೇ ನಿಂತು ಮಾತಾಡುತ್ತಿದ್ದಳು. "ಒಳಗೆ ಬನ್ನಿ ಅಂತ ಕರೀಬೇಕು, ಆದ್ರೆ ಕಾಲಿಡೋಕೆ ಜಾಗ ಇಲ್ಲ ನೋಡಿ" ಎಂದು ನಗುತ್ತಿದ್ದಳು. ಹೀಗಾಗಿ ಅವಳಿಗೆ ಗೋಡೌನ್ ಅಕ್ಕ ಎಂಬ ಹೆಸರು ನಿಂತುಬಿಟ್ಟಿತು. ಹೆತ್ತವರು ಇಟ್ಟ ಹೆಸರು ಬೇರೆ ಇತ್ತು. ಅದನ್ನು ಹಿಡಿದು ಗಂಡ ಕರೆಯುವುದು ಜಗಳವಾಡುವಾಗ ಮಾತ್ರ, ಅವನಿಗೆ ಜಗಳ ಬರುತ್ತಿರಲಿಲ್ಲ.

ಗಂಡನನ್ನು ಎಲ್ಲರೂ ಬೀಗದಣ್ಣ ಎನ್ನುತ್ತಿದ್ದರು. ಓಣಿಯ ತಿರುವಿನಲ್ಲಿ, ಒಂದು ಕಟ್ಟಡದ ಮೆಟ್ಟಿಲ ಕೆಳಗೆ, ಅವನ ಅಂಗಡಿ. ಬೀಗ ರಿಪೇರಿ, ನಕಲಿ ಕೀ. ತಲೆಯ ಮೇಲೆ ತೋರಣದ ಹಾಗೆ ಕೀಗಳು ತೂಗುತ್ತಿದ್ದವು, ಗಾಳಿ ಬಂದರೆ ಗಲಗಲ ಎನ್ನುತ್ತಿದ್ದವು. ಇಡೀ ಓಣಿಗೆ ಬೀಗ ಹಾಕಿಕೊಟ್ಟವನ ಸ್ವಂತ ಮನೆಗೆ ಬೀಗವಿರಲಿಲ್ಲ. ಕೇಳಿದರೆ, "ನನ್ನ ಹೆಂಡತೀನ ಕೇಳಿ. ಸಾಮಾನು ತಂದುಕೊಡೋರು ಬಾಗಿಲು ಹಾಕಿರೋದು ನೋಡಿ ವಾಪಸ್ ಹೋದ್ರೆ ನನ್ನ ಗತಿ ಏನು" ಎನ್ನುತ್ತಿದ್ದ.

ಸಾಮಾನಿನ ಕತೆ ಹೀಗೆ.

ಓಣಿ ದೊಡ್ಡ ರಸ್ತೆಗೆ ಸೇರುವಲ್ಲಿ ಒಂದು ಸಹಾಯ ಕೇಂದ್ರವಿತ್ತು. ಉಳ್ಳವರು ತಮಗೆ ಬೇಡವಾದ ಕಂಬಳಿ, ಒಲೆ, ಮಂಚ, ಫ್ಯಾನು, ಮಕ್ಕಳ ಚೀಲ ತಂದು ಕೊಡುವರು. ಕೆಲವರು ಅಕ್ಕಿಬೇಳೆಯ ಮೂಟೆಯನ್ನೇ ಇಳಿಸಿ ಹೋಗುವರು. ಇಲ್ಲದವರು ಬಂದು, ಕಿಟಕಿಯ ಪಕ್ಕದ ಉದ್ದ ಬೆಂಚಿನ ಮೇಲೆ ಕೂತು, ತಮ್ಮ ಸರದಿ ಬಂದಾಗ ಬೇಕಾದ್ದನ್ನು ಕೇಳಿ ಪಡೆಯಬೇಕು. ಅಲ್ಲಿ ಗುಡಿಸಿ ಒರೆಸಿ ಚಹಾ ಮಾಡಿ ಸಾಮಾನು ವಿಂಗಡಿಸುವ ಕೆಲಸ ಅಕ್ಕನದು. ಕಿಟಕಿಯ ಗಾಜನ್ನು ದಿನವೂ ಒರೆಸುವವಳೂ ಅವಳೇ. ಹಾಗೆ ಒರೆಸುವಾಗ ಒಂದು ವಿಚಿತ್ರ ಕಂಡಿತು. ಯಾರೋ ಒಬ್ಬಾಕೆ ತಿರುವಿನ ತನಕ ಬರುತ್ತಾಳೆ, ಗಾಜಿನೊಳಗಿನ ಬೆಂಚನ್ನು ನೋಡುತ್ತಾಳೆ, ಬಗ್ಗಿ ಚಪ್ಪಲಿಯ ಪಟ್ಟಿ ಸರಿಮಾಡಿಕೊಳ್ಳುತ್ತಾಳೆ, ಹಾಗೇ ತಿರುಗಿ ಹೋಗುತ್ತಾಳೆ. ಮಾರನೆಯ ದಿನ ಇನ್ನೊಬ್ಬಾತ, ಅವನೂ ಚಪ್ಪಲಿ ಸರಿಮಾಡಿಕೊಂಡು ವಾಪಸ್ಸು. ಒಂದೇ ತಿರುವಿನಲ್ಲಿ ಅಷ್ಟು ಜನರ ಚಪ್ಪಲಿ ಕೆಡುವುದೆಂದರೇನು?

ಅಕ್ಕ ಹೋಗಿ ಕೇಂದ್ರದ ಮೇಡಂಗೆ ಹೇಳಿದಳು. ಮೇಡಂ ಒಳ್ಳೆಯ ಹೆಂಗಸು. ಅದೇ ದಿನ ಇಬ್ಬರೂ ಸೇರಿ ಬೆಂಚನ್ನು ಒಳಕೋಣೆಗೆ ಎಳೆದು ಹಾಕಿದರು. ಆದರೂ ಚಪ್ಪಲಿಗಳು ಕೆಡುತ್ತಲೇ ಇದ್ದವು.

"ಬೆಂಚಿನ ತಪ್ಪಲ್ಲ ಮೇಡಂ. ಬಾಯಿ ಬಿಟ್ಟು ಕೇಳಬೇಕಲ್ಲ, ಅದೇ ಕಷ್ಟ" ಎಂದಳು ಅಕ್ಕ. "ಒಂದಿಷ್ಟು ಸಾಮಾನು ನಮ್ಮನೆಗೆ ತಗೊಂಡು ಹೋಗ್ಲಾ? ನೋಡೋಣ."

"ಗಾಡಿ ಕಳಿಸ್ಲಾ?" ಎಂದರು ಮೇಡಂ.

ಮೊದಲು ಹೋದದ್ದು ಒಂದು ಮೇಜಿನ ಫ್ಯಾನು, ಇಸ್ತ್ರಿ ಅಂಗಡಿಯವನ ಮನೆಗೆ. ಬೇಸಿಗೆ ಸುಡುತ್ತಿತ್ತು. ಅವನ ತಾಯಿ ಹಾಸಿಗೆ ಹಿಡಿದಿದ್ದಳು, ಅವನು ರಟ್ಟು ಹಿಡಿದು ಬೀಸಿ ಬೀಸಿ ಕೂತಲ್ಲೇ ತೂಕಡಿಸುತ್ತಿದ್ದ. ಅಕ್ಕ ಫ್ಯಾನು ಹೊತ್ತುಕೊಂಡು ಹೋಗಿ ಬಾಗಿಲಲ್ಲಿ ನಿಂತಳು.

"ನಿನ್ನಿಂದ ಒಂದು ಉಪಕಾರ ಆಗ್ಬೇಕಿತ್ತಲ್ಲಪ್ಪ."

"ಹೇಳಿ ಅಕ್ಕ."

"ಯಾರೋ ಈ ಫ್ಯಾನ್ ಕೊಟ್ಟುಹೋಗಿದಾರೆ. ನಮ್ಮನೇಲಿ ಜಾಗ ಇಲ್ಲ. ಸ್ವಲ್ಪ ದಿನ ನಿಮ್ಮಲ್ಲಿ ಇಟ್ಕೊಳ್ತೀಯಾ?"

ಅವನು ತಲೆ ಕೆರೆದುಕೊಂಡ. "ನಮ್ಮನೇನೂ ಚಿಕ್ಕದೇ ಅಕ್ಕ. ಎಷ್ಟು ದಿನ?"

"ಜಾಗ ಆಗೋವರೆಗೆ."

"ಆಯ್ತು, ಕೊಡಿ. ನೀವು ಕೇಳಿದ ಮೇಲೆ ಇಲ್ಲ ಅನ್ನೋಕಾಗುತ್ತಾ" ಎಂದು ಗೊಣಗುತ್ತಲೇ ಒಳಗಿಟ್ಟುಕೊಂಡ. ಅಂದಿನಿಂದ ಅವನ ನಡಿಗೆಯೇ ಬೇರೆಯಾಯಿತು. ಉಪಕಾರ ಮಾಡಿದವನ ನಡಿಗೆ ಅದು, ಎದೆ ಸ್ವಲ್ಪ ಮುಂದೆ. ಆಗಾಗ ಅಂಗಡಿಯಿಂದಲೇ ಕೂಗಿ ಕೇಳುವನು, "ಜಾಗ ಆಯ್ತಾ ಅಕ್ಕ?" ಅಕ್ಕ ಹಣೆ ಚಚ್ಚಿಕೊಂಡು, "ಎಲ್ಲಪ್ಪಾ!" ಎನ್ನುವಳು.

ಹೀಗೇ ಒಂದೊಂದು ಮನೆಗೆ ಒಂದೊಂದು ಸಾಮಾನು ಹೋಯಿತು. ಬಾಣಂತಿಯ ಮನೆಗೆ ತೊಟ್ಟಿಲು, ನೆಲದ ಮೇಲೆ ಮಲಗುತ್ತಿದ್ದ ಮೂಲೆ ಮನೆಯ ಅಜ್ಜಿಗೆ ಮಂಚ, ಮಕ್ಕಳು ಓದುವ ಮನೆಗೆ ಮೇಜು. ಪ್ರತಿ ಮನೆಯವರೂ ತಾವೊಬ್ಬರೇ ಪಾಪ ಆ ಅಕ್ಕನಿಗೆ ಆಸರೆಯಾಗಿದ್ದೇವೆ ಅಂದುಕೊಂಡಿದ್ದರು. ಯಾರೂ ತಲೆ ತಗ್ಗಿಸಲಿಲ್ಲ, ಯಾರೂ ಕೈ ಮುಗಿಯಲಿಲ್ಲ. ಅಕ್ಕನಿಗೆ ಬೇಕಿದ್ದದ್ದೂ ಅಷ್ಟೇ.

ಆದರೆ ಒಂದು ಮನೆಯಲ್ಲಿ ಅವಳ ಉಪಾಯ ತಲೆಕೆಳಗಾಯಿತು.

ಓಣಿಯ ಕೊನೆಗೆ ಹೊಸದಾಗಿ ಒಂದು ಕುಟುಂಬ ಬಂದಿತ್ತು. ಗಂಡನಿಗೆ ಮಾರುಕಟ್ಟೆಯಲ್ಲಿ ಮೂಟೆ ಹೊರುವ ಕೆಲಸ, ಸಿಕ್ಕ ದಿನ ಉಂಟು, ಸಿಗದ ದಿನ ಇಲ್ಲ. ಹೆಂಡತಿಯ ಕಂಕುಳಲ್ಲಿ ಆ ಕಡೆಗೊಂದು ಈ ಕಡೆಗೊಂದು ಅವಳಿ ಹೆಣ್ಣುಮಕ್ಕಳು. ಅವಳಿಗಳಮ್ಮ ಎಂದೇ ಅವಳನ್ನು ಕರೆಯುತ್ತಿದ್ದರು. ಹೇಳಿದ್ದನ್ನು ಹೇಳಿದ ಹಾಗೇ ಮಾಡುವ ಹುಡುಗಿ, ನೇರ ಎಂದರೆ ನೇರ. ಅಕ್ಕ ಒಂದು ಮೂಟೆ ಅಕ್ಕಿ, ಎರಡು ಕಂಬಳಿ ಒಯ್ದು, "ನಮ್ಮನೇಲಿ ಜಾಗ ಇಲ್ಲಮ್ಮ, ಸ್ವಲ್ಪ ದಿನ ಇಟ್ಕೊಂಡಿರು" ಎಂದು ಇಳಿಸಿ ಬಂದಳು.

ಕೆಲವು ವಾರಗಳ ಮೇಲೆ, ಅಕ್ಕಿ ಮುಗಿದಿರಬೇಕು ಎಂದು ನೋಡಲು ಹೋದಳು. ಕೋಣೆಯ ಒಳ್ಳೆಯ ಮೂಲೆಯಲ್ಲಿ, ಇಟ್ಟಿಗೆಗಳ ಮೇಲೆ, ಮೂಟೆ ರಾಜನ ಹಾಗೆ ಕೂತಿತ್ತು. ಬಾಯಿಯ ಹೊಲಿಗೆ ಬಿಚ್ಚಿರಲಿಲ್ಲ. ಮೇಲೊಂದು ಬಟ್ಟೆ ಹೊದಿಸಿತ್ತು, ಅದರ ಮೇಲೆ ಮಡಿಕೆ ಕೆಡದ ಕಂಬಳಿಗಳು. ಪಕ್ಕದಲ್ಲೇ ಅವಳಿಗಳು ಅಪ್ಪನ ಹಳೆಯ ಅಂಗಿ ಹೊದ್ದು ಮಲಗಿದ್ದವು. ಒಲೆಯ ಮೇಲೆ ನೀರಿನಂಥ ಗಂಜಿ ಕುದಿಯುತ್ತಿತ್ತು.

"ಇದೇನಮ್ಮಾ, ಇನ್ನೂ ಹಾಗೇ ಇದೆ?"

"ಹಾಗೇ ಇದೆ ಅಕ್ಕ!" ಅವಳಿಗಳಮ್ಮನ ಮುಖ ಅರಳಿತು. "ಒಂದು ಇಲೀನೂ ಮುಟ್ಟೋಕೆ ಬಿಟ್ಟಿಲ್ಲ. ದಿನಾ ಧೂಳು ಒರೆಸ್ತೀನಿ. ನಿಮಗೆ ಜಾಗ ಆಯ್ತಾ?"

ಅಕ್ಕ ನಿಂತಲ್ಲೇ ಕೂತಳು. ಅಳು ಮೊದಲು ಬಂತೋ ನಗು ಮೊದಲು ಬಂತೋ, ಎರಡೂ ಸೇರಿ ಮೂಗಿನಿಂದ ಬಂದವು.

"ಅಯ್ಯೋ ನನ್ನ ತಾಯಿ! ಅಕ್ಕಿ ಹೀಗೆ ಇಟ್ಟರೆ ಹುಳ ಬೀಳುತ್ತೆ. ತಿಂದು ಇಟ್ಕೋಬೇಕು."

"ತಿಂದ ಮೇಲೆ ಏನನ್ನ ಇಟ್ಕೊಳ್ಳೋದು ಅಕ್ಕ?"

ಅಕ್ಕ ಸುತ್ತ ನೋಡಿದಳು. "ಚೀಲ" ಎಂದಳು. "ಚೀಲ ಇಟ್ಕೋ."

ಅಂದಿನಿಂದ ಅಕ್ಕನ ಮಾತಿಗೆ ಒಂದು ಬಾಲ ಸೇರಿತು. "ಇಟ್ಕೊಳ್ಳಿ, ಆದ್ರೆ ಬಳಸ್ತಾ ಇರಿ. ಬಳಸದೆ ಇದ್ದರೆ ಹಾಳಾಗುತ್ತೆ."

ವರ್ಷಗಳು ಕಳೆದವು. ಅವಳಿಗಳು ಶಾಲೆಗೆ ಹೋಗಲು ಶುರುಮಾಡಿದವು. ಅವರಮ್ಮ ತನ್ನ ಮನೆಯಲ್ಲಿ 'ಇಟ್ಟುಕೊಂಡಿದ್ದ' ಹೊಲಿಗೆ ಯಂತ್ರದಲ್ಲಿ ಚೀಲ ಹೊಲಿದು ಅಂಗಡಿಗಳಿಗೆ ಕೊಡತೊಡಗಿದಳು. ಆಗ ಅಕ್ಕನ ಮನೆಯ ಮಾಲೀಕರಿಂದ ಸುದ್ದಿ ಬಂತು. ಅವರ ಮಗಳು ಬಂದು ಆ ಮನೆಯಲ್ಲಿ ಇರುತ್ತಾಳಂತೆ, ತಿಂಗಳ ಕೊನೆಗೆ ಖಾಲಿ ಮಾಡಿಕೊಡಬೇಕಂತೆ.

ಅಕ್ಕ, ಬೀಗದಣ್ಣ ಹುಡುಕದ ಮನೆಯಿಲ್ಲ. ರಸ್ತೆ ಅಗಲವಾದ ಮೇಲೆ ಓಣಿಯ ಬಾಡಿಗೆಗಳು ಮುಗಿಲು ಮುಟ್ಟಿದ್ದವು. ಕೈಗೆಟಕುವ ಕೋಣೆಯೊಂದು ಸಿಕ್ಕಿದ್ದು ಊರಿನ ಇನ್ನೊಂದು ತುದಿಯಲ್ಲಿ. ಅಲ್ಲಿಗೆ ಹೋದರೆ ಕೇಂದ್ರದ ಕೆಲಸ ಬಿಟ್ಟಂತೆಯೇ. ತಿರುವಿನಲ್ಲಿ ಯಾರ ಚಪ್ಪಲಿ ಕೆಡುತ್ತಿದೆ ಎಂದು ಆಮೇಲೆ ನೋಡುವವರು ಯಾರು? ಅಕ್ಕ ಯಾರಿಗೂ ಹೇಳಲಿಲ್ಲ. ಆದರೆ ಬೀಗದಣ್ಣ ಹೋಗಿ ಇಸ್ತ್ರಿ ಅಂಗಡಿಯಲ್ಲಿ ಸಾಮಾನು ಕಟ್ಟಲು ಹಗ್ಗ ಕೇಳಿದ. ಸಂಜೆಯೊಳಗೆ ಓಣಿಗೆಲ್ಲ ಗೊತ್ತಾಯಿತು.

ಮೇಡಂ ಕರೆದು ಹೇಳಿದರು. "ಬಾಡಿಗೆಗೆ ಸಹಾಯ ಮಾಡೋದೂ ಇದೇ ಕೇಂದ್ರ ಅಲ್ವಾ ಅಕ್ಕ? ಒಂದು ದಿನ ನೀವೂ ಆ ಬೆಂಚಿನ ಮೇಲೆ ಕೂತ್ಕೊಳ್ಳಿ."

"ಬೆಂಚು ಒರೆಸೋಳು ನಾನು ಮೇಡಂ. ಒರೆಸಿದ ಮೇಲೆ ಒದ್ದೆ ಇರುತ್ತೆ, ಕೂರೋದು ಹೇಗೆ?" ಎಂದು ನಕ್ಕು ಬಕೆಟ್ ಎತ್ತಿಕೊಂಡು ಹೋದಳು. ಆದರೆ ತಿರುವಿನ ಹತ್ತಿರ ಬಂದಾಗ ಅವಳೂ ಒಂದು ಗಳಿಗೆ ಬಗ್ಗಿ ಚಪ್ಪಲಿ ಸರಿಮಾಡಿಕೊಂಡಳು.

ಓಣಿಯವರು ಸುಮ್ಮನಿರಲಿಲ್ಲ. ಮೊದಲು ಇಸ್ತ್ರಿ ಅಂಗಡಿಯವನು ಬಂದ. "ಅಕ್ಕ, ಒಂದು ಉಪಕಾರ ಆಗ್ಬೇಕಿತ್ತು. ಅಂಗಡಿ ಮೇಲಿನ ಕೋಣೆ ಖಾಲಿ ಬಿದ್ದಿದೆ, ಇಲಿ ಕಾಟ. ಮನುಷ್ಯರು ಇದ್ರೆ ಇಲಿ ಬರಲ್ಲ ಅಂತಾರೆ..."

"ಬೆಕ್ಕು ಸಾಕು" ಎಂದಳು ಅಕ್ಕ.

ಮೂಲೆ ಮನೆಯ ಅಜ್ಜಿ ಬಂದಳು. "ನನಗೆ ಒಬ್ಬಳೇ ಇರೋಕೆ ಭಯ ಆಗುತ್ತೆ ಕಣೆ. ನೀವಿಬ್ಬರೂ ಬಂದು ಜೊತೆಗಿದ್ರೆ..."

"ನಿಮಗೆ ಭಯಾನಾ ಅಜ್ಜಿ? ನಿಮಗೆ ಹೆದರಿ ಹಾಲಿನವನು ದಾರೀನೇ ಬದಲಾಯಿಸಿದಾನೆ."

ಬಂದವರೆಲ್ಲ ಹೀಗೇ ಪೆಚ್ಚುಮೋರೆ ಹಾಕಿಕೊಂಡು ಹೋದರು. ಬೀಗದಣ್ಣ ಮೆಲ್ಲಗೆ, "ನೀನು ಕಲಿಸಿದ ವಿದ್ಯೆನೇ ಕಣೆ" ಎಂದ.

"ಒಬ್ಬರೂ ಸರಿಯಾಗಿ ಕಲಿತಿಲ್ಲ" ಎಂದಳು ಅಕ್ಕ. ಆದರೆ ಹಗ್ಗವನ್ನು ಕೈಯಲ್ಲಿ ಹಿಡಿದುಕೊಂಡು ಸುಮ್ಮನೆ ಕೂತಿದ್ದಳು, ಏನನ್ನೂ ಕಟ್ಟಿರಲಿಲ್ಲ.

ಕೊನೆಗೆ ಅವಳಿಗಳಮ್ಮ ಬಂದಳು. ಹೊಸ್ತಿಲ ಆಚೆ ನಿಂತು ಹೇಳಿದಳು. "ಅಕ್ಕ, ಇಷ್ಟು ದಿನ ನಮ್ಮ ಜೊತೆಗಿದ್ದ ಅತ್ತೆ ದೊಡ್ಡ ಮಗನ ಮನೆಗೆ ಹೋದ್ರು. ಮುಂದಿನ ಕೋಣೆ ಖಾಲಿ. ನೀವು ಬನ್ನಿ."

ಅಕ್ಕ ಹುಬ್ಬು ಏರಿಸಿದಳು. "ಇಲಿ ಇದೆಯಾ?"

"ಇಲ್ಲ ಅಕ್ಕ."

"ಖಾಲಿ ಬಿಟ್ಟರೆ ಗೋಡೆ ಹಾಳಾಗುತ್ತಾ?"

"ಇಲ್ಲ. ಗೋಡೆ ಚೆನ್ನಾಗಿದೆ."

"ನಿನಗೆ ಒಬ್ಬಳೇ ಇರೋಕೆ ಭಯಾನಾ?"

"ಭಯ ಯಾಕೆ ಅಕ್ಕ, ಇವರಿದ್ದಾರಲ್ಲ, ಮಕ್ಕಳಿದ್ದಾರಲ್ಲ."

"ಮತ್ತೆ ಯಾಕೆ ಕರೀತಿದೀಯಾ?"

"ನಿಮಗೆ ಮನೆ ಇಲ್ಲ. ನಮ್ಮ ಹತ್ರ ಕೋಣೆ ಇದೆ. ಅರ್ಧ ಬಾಡಿಗೆ ನೀವು ಕೊಡಿ, ಅರ್ಧ ನಾವು."

ಸುಳ್ಳಿದ್ದರೆ ಹಿಡಿಯಬಹುದಿತ್ತು. ಇಲ್ಲಿ ಹಿಡಿಯಲು ಏನೂ ಇರಲಿಲ್ಲ. ಒಳಗಿನಿಂದ ಬೀಗದಣ್ಣ ನಗುತ್ತಾ, "ಈ ಬೀಗಕ್ಕೆ ಕೀ ಇದೇ ನೋಡು" ಎಂದ. ಅಕ್ಕ ಪರದೆಯ ಅಂಚಿನಿಂದ ಕಣ್ಣೊರೆಸಿಕೊಂಡು, "ಹೂಂ ಕಣಮ್ಮ, ಬರ್ತೀವಿ" ಎಂದಳು. ಅಷ್ಟು ಚಿಕ್ಕ ಮಾತನ್ನು ಅವಳು ಅಷ್ಟು ಕಷ್ಟಪಟ್ಟು ಆಡಿದ್ದನ್ನು ಯಾರೂ ಕಂಡಿರಲಿಲ್ಲ.

ಮನೆ ಬದಲಿಸುವ ದಿನ ಬೆಳಿಗ್ಗೆ ಇಡೀ ಓಣಿ ಬಾಗಿಲ ಮುಂದೆ ಸೇರಿತು. ಆ ಗೋಡೌನು ಖಾಲಿ ಮಾಡುವುದೆಂದರೆ ಹುಡುಗಾಟವೇ? ಒಬ್ಬರು ತಳ್ಳುಗಾಡಿ ತಂದರು, ಇನ್ನೊಬ್ಬರು ಏಣಿ ತಂದರು. ಇಸ್ತ್ರಿ ಅಂಗಡಿಯವನು ಸೊಂಟಕ್ಕೆ ಬಟ್ಟೆ ಬಿಗಿದು, "ಮೇಲಿನ ಪೆಟ್ಟಿಗೆ ಯಾರ ತಲೆ ಮೇಲೂ ಬೀಳದ ಹಾಗೆ ನೋಡ್ಕೊಳ್ಳಿ" ಎಂದು ಎಲ್ಲರನ್ನೂ ಎಚ್ಚರಿಸಿ, ಪರದೆ ಸರಿಸಿ ಒಳಗೆ ಹೋದ.

ಒಳಗೆ ಒಂದು ಟ್ರಂಕು. ಒಂದು ಒಲೆ. ಗೋಡೆಗೆ ಒರಗಿಸಿಟ್ಟ ಎರಡು ಚಾಪೆ. ಒಂದು ಕನ್ನಡಿ. ಅಷ್ಟೇ.

ಅವನು ಕೋಣೆಯ ನಡುವೆ ನಿಂತು ಸುತ್ತ ತಿರುಗಿದ. ಧೂಳಿಗೋ ಗಾಬರಿಗೋ ಅವನಿಗೆ ಒಂದು ದೊಡ್ಡ ಸೀನು ಬಂತು. ಆ ಸೀನು ನಾಲ್ಕೂ ಗೋಡೆಗೆ ಬಡಿದು, ಆರಾಮಾಗಿ ಒಂದು ಸುತ್ತು ಹಾಕಿ, ಬಾಗಿಲಿಗೆ ಬಂತು.

"ಅಕ್ಕಾ, ಸಾಮಾನೆಲ್ಲ ಎಲ್ಲಿ?"

"ನಿಮ್ಮನೇಲಿ" ಎಂದಳು ಅಕ್ಕ, ನೆಲ ನೋಡುತ್ತಾ.

ಅಜ್ಜಿ ಇಸ್ತ್ರಿಯವನ ಕಡೆ ತಿರುಗಿ, "ನಿನ್ನ ಹತ್ರಾನೂ ಇಟ್ಟಿದಾಳಾ?" ಎಂದಳು. "ಫ್ಯಾನು. ನಿಮ್ಮ ಹತ್ರ?" "ಮಂಚ." "ನಮ್ಮ ಹತ್ರ ಮೇಜು" ಎಂದು ಹಿಂದಿನಿಂದ ಯಾರೋ ಕೂಗಿದರು. ಅಲ್ಲಿಂದ ಶುರುವಾದ ನಗು ಓಣಿಯ ಆ ತುದಿಗೆ ಹೋಗಿ ಈ ತುದಿಗೆ ಬಂತು.

ಇಸ್ತ್ರಿಯವನು ಮಾತ್ರ ಮುನಿಸಿಕೊಂಡ ಹಾಗೆ ಮುಖ ಮಾಡಿ ಸರಸರ ಮನೆಗೆ ಹೋದ. ಫ್ಯಾನು ಎತ್ತಿಕೊಂಡು ಬಂದು ಕೋಣೆಯ ನಡುವೆ ಇಟ್ಟ. "ಇಷ್ಟು ಜಾಗ ಇದೆಯಲ್ಲ ಅಕ್ಕ! ತಗೊಳ್ಳಿ ನಿಮ್ಮ ಫ್ಯಾನು."

ಅಷ್ಟೇ ಸಾಕಾಯಿತು. ಎಲ್ಲರೂ ಓಡಿದರು. ಮಂಚ ಬಂತು, ಮೇಜು ಬಂತು, ತೊಟ್ಟಿಲು ಬಂತು. ಯಾರೋ ಊರುಗೋಲು ತಂದರು, ಯಾರೋ ಕುಕ್ಕರ್ ತಂದರು. ಅವಳಿಗಳು ಅಕ್ಕಿಯ ಖಾಲಿ ಚೀಲವನ್ನು, ಒಗೆದು ಮಡಿಸಿದ್ದನ್ನು, ತಟ್ಟೆಯಲ್ಲಿಟ್ಟ ಹಾಗೆ ಅಂಗೈ ಮೇಲೆ ಹಿಡಿದು ತಂದವು. ಅಕ್ಕ ಮಂಚದ ಮೇಲೆ ಹತ್ತಿ ನಿಂತು, "ಅಯ್ಯೋ ಬೇಡ್ರಪ್ಪಾ, ಜಾಗ ಇಲ್ಲ, ಜಾಗ ಇಲ್ಲ!" ಎಂದು ಕೂಗಿದಳು. ಕೂಗಿದ ಹಾಗೆಲ್ಲ ಜನ ಹೊಟ್ಟೆ ಹಿಡಿದುಕೊಂಡು ನಕ್ಕರು.

ಕೊನೆಗೆ ಮೇಡಂ ಬಂದು ಪಂಚಾಯಿತಿ ಮಾಡಿದರು. ಇನ್ನೂ ಬಳಸುತ್ತಿರುವುದು ಸಂಜೆಯೊಳಗೆ ಆಯಾ ಮನೆಗೇ ವಾಪಸ್ಸು ಹೋಗಬೇಕು, ಬಳಕೆ ಮುಗಿದದ್ದು ಕೇಂದ್ರಕ್ಕೆ. ಫ್ಯಾನು ಇಸ್ತ್ರಿಯವನಿಗೆ, ಮಂಚ ಅಜ್ಜಿಗೆ. ಬಾಣಂತಿಯ ಮಗು ಈಗ ಸೈಕಲ್ಲು ಹೊಡೆಯುತ್ತಿತ್ತು, ಹಾಗಾಗಿ ತೊಟ್ಟಿಲಿಗೆ ಯಾರೂ ಇರಲಿಲ್ಲ.

ಟ್ರಂಕು, ಒಲೆ, ಚಾಪೆ, ಕನ್ನಡಿ ಒಂದೇ ಗಾಡಿಯಲ್ಲಿ ಹೋದವು. ಬೀಗದಣ್ಣ ಅವುಗಳ ಜೊತೆ ಮುಂದೆ ನಡೆದ. ಅಕ್ಕ ನೀಲಿ ಪರದೆ ಬಿಚ್ಚಿ ಮಡಿಸಿ ಹೆಗಲ ಮೇಲೆ ಹಾಕಿಕೊಂಡು, ಕೊನೆಯ ಸಲ ಒಳಗೆ ಕಣ್ಣಾಡಿಸಿದಳು. ಕಾಲಿಡಲು ನಿಜವಾಗಿಯೂ ಜಾಗವಿರಲಿಲ್ಲ. ಮೇಜಿಗೂ ಮಂಚಕ್ಕೂ ನಡುವೆ ಅಡ್ಡಡ್ಡ ನುಸುಳಿ, ಹೊಟ್ಟೆ ಒಳಗೆಳೆದುಕೊಂಡು, ಹೇಗೋ ಹೊಸ್ತಿಲು ತಲುಪಿದಳು.

ಅಲ್ಲಿಂದ ತಿರುವು ಕಾಣಿಸುತ್ತಿತ್ತು. ಕಂಕುಳಲ್ಲಿ ಹಸುಗೂಸು ಎತ್ತಿಕೊಂಡ ಯಾರೋ ಹೊಸಬಳು ಕೇಂದ್ರದ ಕಡೆ ನೋಡಿ, ಬಗ್ಗಿ, ಚಪ್ಪಲಿಯ ಪಟ್ಟಿ ಸರಿಮಾಡಿಕೊಳ್ಳುತ್ತಿದ್ದಳು.

ಅಕ್ಕ ಹಿಂದಕ್ಕೆ ಕೈ ಚಾಚಿ ತೊಟ್ಟಿಲನ್ನು ಎಳೆದುಕೊಂಡಳು. "ಏನಮ್ಮಾ, ಸ್ವಲ್ಪ ನಿಲ್ಲು!" ಎಂದು ಕೂಗಿದಳು. "ನಿನ್ನಿಂದ ಒಂದು ಉಪಕಾರ ಆಗ್ಬೇಕಿತ್ತಲ್ಲ. ನಮ್ಮನೇಲಿ ಜಾಗ ಇಲ್ಲ."

ಆ ಮಾತು ಅವಳ ಬಾಯಲ್ಲಿ ನಿಜವಾದದ್ದು ಅದೇ ಮೊದಲು. ತೊಟ್ಟಿಲನ್ನು ತಲೆಯ ಮೇಲೆ ಹೊತ್ತು, ಹೊಸ್ತಿಲು ದಾಟಿ, ಹಿಂತಿರುಗಿ ನೋಡದೆ ಬೀಸುಗಾಲು ಹಾಕಿದಳು.