ದೇವರ ಜಗಲಿಯ ಮೇಲಿನ ರೋಟರ್

ನಮ್ಮ ಮನೆಯ ದೇವರ ಜಗಲಿಯ ಮೇಲೆ ಗಂಟೆ, ವಿಭೂತಿಗಟ್ಟಿಗಳ ಪಕ್ಕದಲ್ಲಿ ಕಾರಿನ ಒಂದು ಬಿಡಿಭಾಗವೂ ಇರುತ್ತದೆಂದರೆ ನೀವು ನಗುತ್ತೀರಿ. ನಗಿರಿ. ಹತ್ತಿ ವ್ಯಾಪಾರದ ನಮ್ಮ ಯಜಮಾನರು ತಮ್ಮ ಹಳೆಯ ಕಾರನ್ನು ಕಳ್ಳರಿಂದ ಕಾಯಲು ಮಾಡಿಕೊಂಡ ಏರ್ಪಾಡು ಅದು.

ಅದರ ಹೆಸರು ರೋಟರ್. ಅಡಿಕೆಗಿಂತ ತುಸು ದೊಡ್ಡದು, ಕಪ್ಪು, ನೆತ್ತಿಯ ಮೇಲೊಂದು ಹಿತ್ತಾಳೆ ಪಟ್ಟಿ. ಗರಗರ ತಿರುಗುತ್ತ ಎಂಜಿನ್ನಿಗೆ ಕಿಡಿ ಬಡಿಸುವುದು ಅದರ ಕೆಲಸ. ಬಡಿಸುವವರಿಲ್ಲದಿದ್ದರೆ ಪಂಕ್ತಿಯೇ ಸುಮ್ಮನೆ ಕೂರುವುದಲ್ಲವೆ? ಹಾಗಾಗಿ ದಿನಾ ಸಂಜೆ ಅವರು ಅದನ್ನು ಕಿತ್ತು ತಂದು ಜಗಲಿಯ ಮೇಲಿಡುತ್ತಾರೆ. ಅಜ್ಜಿಕಥೆಯ ರಾಕ್ಷಸ ತನ್ನ ಪ್ರಾಣವನ್ನು ಏಳು ಸಮುದ್ರದಾಚೆಯ ಗಿಳಿಯಲ್ಲಿಡುತ್ತಿದ್ದನಲ್ಲ, ಹಾಗೆ. ಆ ಗಿಳಿಗಾದರೂ ಕಾಳು ಹಾಕಬೇಕಿತ್ತು. ಇದಕ್ಕೆ ಅದೂ ಬೇಡ.

ಹಳೆಯ ರೋಟರ್ ಬಿರುಕು ಬಿಟ್ಟಿತೆಂದು ಹುಬ್ಬಳ್ಳಿಯಿಂದ ಹೊಸದನ್ನು ತಂದ ಮಾರನೆಯ ದಿನವೇ ತಿರ್ಲಾಪುರದಲ್ಲಿ ನನ್ನ ತಮ್ಮನ ಮಗಳಿಗೆ ಹೆಸರಿಡುವುದಿತ್ತು. ಇನ್ನು ಮಕ್ಕಳಾಗುವುದಿಲ್ಲವೆಂದು ಎಲ್ಲರೂ ಆಸೆ ಬಿಟ್ಟ ಮೇಲೆ ಹುಟ್ಟಿದ ಕೂಸು. ಅದರ ಕಿವಿಯಲ್ಲಿ ಹೆಸರು ಹೇಳಬೇಕಾದ ಸೋದರತ್ತೆ ನಾನು. ಕಲಘಟಗಿಯ ಬಣ್ಣದ ತೊಟ್ಟಿಲೂ ನಮ್ಮ ಕಾರಿನ ತಲೆಯ ಮೇಲೇ. ಬಸ್ಸು ಹೋಗಿಯಾಗಿತ್ತು. ಕಾರು ಮಾತ್ರ ಕುರ್ರ್ ಎಂದು ಕೆಮ್ಮಿ ಕೆಮ್ಮಿ ಸುಮ್ಮನಾಗುತ್ತಿತ್ತು.

ಓಣಿಯವರು ಬಂದು ನೂಕಿದರು. ತೊಟ್ಟಿಲು ಒಲೆದಾಡಿತೇ ಹೊರತು ಎಂಜಿನ್ನು ಉಸಿರೆತ್ತಲಿಲ್ಲ. ಪಕ್ಕದ ಮನೆಯ ಕಲ್ಲಪ್ಪ ಕಾಕಾ ಬೆವರೊರೆಸಿಕೊಂಡರು. "ಸಾವಕಾರ್ರ, ಕಳ್ಳರ ಅಂಜಿಕಿ ನಿಮಗ್ಯಾಕ್ರಿ? ಇದನ್ನ ಕದಿಯಾಕ ಬರಾಂವ ನೂಕಾಕ ಮಂದೀನೂ ಕರಕೊಂಡ ಬರಬೇಕು!"

"ಹೊಸಾ ಮಾಲೇ ಖೊಟ್ಟಿ ಐತಿ. ಹುಬ್ಬಳ್ಳಿಗೆ ಹೋಗಿ ಬ್ಯಾರೆ ತರಬೇಕು," ಎಂದರು ಯಜಮಾನರು.

"ಹೆಂಗ ಹೋಗ್ತೀರಿ? ಕಾರಿನ್ಯಾಗ?" ಎಂದೆ. ನನಗೋ ಅಳು ಬರುವಂತಿತ್ತು.

ಆಗ ಹಿಂದಿನ ಸೀಟಿನಿಂದ ನಮ್ಮ ಅತ್ತೆ, "ಯಾಕ ಚಾಲೂ ಆಗವಲ್ದೋ ತಮ್ಮಾ? ಮುಂಜಾನೆ ಅದಕ್ಕ ಅಗದಿ ಛಂದ ಪೂಜಿ ಮಾಡೇನಲ್ಲೋ!" ಎಂದರು.

"ಯಾವುದಕ್ಕಬೇ ಎವ್ವಾ?"

"ಆ ಕರೇದಕ್ಕ. ಹೊಸಾದು ಮನಿಗೆ ಬಂದೈತಿ, ಬರಿ ಹಣೀಲೆ ಹೊರಗ ಕಳಸಾಕ ಆಕ್ಕೈತೇನು?"

ಕನ್ನಡಕ ಮರೆತು ಅವಸರದಲ್ಲಿ ಕೂರಿಸಿದ್ದ ರೋಟರನ್ನು ಯಜಮಾನರು ಹೊರತೆಗೆದರು. ಹಿತ್ತಾಳೆಯಿಂದ ಕೆಳತುದಿಯವರೆಗೆ ಮೂರೆಳೆ ವಿಭೂತಿ, ನಡುವೆ ಕುಂಕುಮ, ಇನ್ನೂ ಹಸಿಹಸಿ. ಎಂಜಿನ್ನಿಗೆ ಹೋಗಬೇಕಾದ ಕಿಡಿ ಆ ಒದ್ದೆಯ ದಾರಿ ಹಿಡಿದು ಎತ್ತಲೋ ಇಳಿದುಹೋಗುತ್ತಿತ್ತು! ನಾನು ಸೆರಗಿನಿಂದ ತಿಕ್ಕಿ ಒರೆಸಿ, ಬಿಸಿಲಿಗೆ ಹಿಡಿದು, ಊದಿ ಊದಿ ಒಣಗಿಸಿಕೊಟ್ಟೆ. ಮತ್ತೆ ನೂಕಿದ್ದೇ ತಡ, ಗುಡುಗಿನಂತೆ ಎದ್ದಿತು. ಹೋದ ಜೀವ ಬಂತು ನನಗೆ.

"ನೋಡಿದೇನು, ಪೂಜಿ ಮಾಡಿದ್ದು ಸುಳ್ಳಾಗಲಿಲ್ಲ," ಎಂದರು ಅತ್ತೆ. ಓಡುವ ಕಾರಿನಲ್ಲಿ ವಾದ ಯಾರಿಗೆ ಬೇಕು?

ಹೆಸರು ಹೇಳಿ ಕೂಸನ್ನು ತೊಟ್ಟಿಲಲ್ಲಿ ಮಲಗಿಸಿದೆ. ಅತ್ತೆ ವಿಭೂತಿ ಹಿಡಿದು ಹಣೆಯತ್ತ ಬಗ್ಗಿದಾಗ ಯಜಮಾನರು ಗಾಬರಿಯಿಂದ, "ಎವ್ವಾ, ತೆಳ್ಳಗ ಹಚ್ಚಬೇ!" ಎಂದರು.

ರೋಟರ್ ಈಗಲೂ ಜಗಲಿಯ ಮೇಲೇ ಮಲಗುತ್ತದೆ. ಅದರ ಮೇಲೊಂದು ಬಟ್ಟಲು ಬೋರಲು ಹಾಕಿದ್ದೇನೆ. ಅತ್ತೆ ಬಟ್ಟಲಿಗೆ ವಿಭೂತಿ ಹಚ್ಚುತ್ತಾರೆ. ಒಂದೇ ಸೂರಿನಡಿ ಎರಡು ನಂಬಿಕೆಗಳು ಸುಖವಾಗಿರಲು ನಡುವೆ ಗೋಡೆಯೇ ಬೇಕೆಂದಿಲ್ಲ, ಒಂದು ಬಟ್ಟಲು ಸಾಕು.