ಚಿರತೆಯ ಮೇಲೆ ಕೂತವಳಿಗೆ ಜರ್ಮನ್ ಬರುವುದಿಲ್ಲ

ಜರ್ಮನಿಯ ಯೇನಾ ಊರಿನಲ್ಲಿ ನಾವಿರುವ ಮನೆಯ ಹಿತ್ತಲಿನಲ್ಲಿ, ಸೇಬಿನ ಮರದ ಕೆಳಗೆ, ಕಲ್ಲಿನ ಹೆಂಗಸೊಬ್ಬಳು ಚಿರತೆಯ ಮೇಲೆ ಕೂತಿದ್ದಾಳೆ. ಕೂತಿದ್ದಾಳೆ ಎನ್ನುವುದಕ್ಕಿಂತ ಒರಗಿದ್ದಾಳೆ ಎನ್ನಬೇಕು. ಒಂದು ಕಾಲು ಮಡಚಿ, ಮೊಣಕೈಯನ್ನು ಚಿರತೆಯ ತಲೆಗೆ ಊರಿ, ಎಲ್ಲೋ ದೂರ ನೋಡುತ್ತಾ. ಮೈಮೇಲೆ ಬಟ್ಟೆಯಿಲ್ಲ, ಪಾಚಿ ಇದೆ. ಬೆಳಿಗ್ಗೆ ಕಣಿವೆಯ ಮಂಜು ಹಿತ್ತಲಿಗೆ ಇಳಿದಾಗ ಮರ, ಬೇಲಿ ಎಲ್ಲ ಕರಗಿ ಇವಳೊಬ್ಬಳೇ ಉಳಿಯುತ್ತಾಳೆ. ಆಗ ಚಿರತೆ ನಿಧಾನಕ್ಕೆ ನಮ್ಮ ಮನೆಯ ಕಡೆ ನಡೆದು ಬರುತ್ತಿದೆ ಎನಿಸುತ್ತದೆ. ಅಡುಗೆಮನೆಯ ಕಿಟಕಿಯಲ್ಲಿ ಕಾಫಿ ಹಿಡಿದು ನಿಂತು ನಾನು ಎಷ್ಟೋ ಸಲ ಕೆಲಸಕ್ಕೆ ತಡಮಾಡಿಕೊಂಡಿದ್ದೇನೆ.

ಇದು ನಕಲು. ಅಸಲು ಬೇರೆ ಊರಿನ ಮ್ಯೂಸಿಯಮಿನಲ್ಲಿದೆ, ಅಮೃತಶಿಲೆಯದು, ಬಲು ಹೆಸರುವಾಸಿ. ಕೆಳಗಿನ ಮನೆಯಲ್ಲಿರುವ ನಮ್ಮ ಮನೆಯೊಡತಿಯ ಮುತ್ತಜ್ಜ ಅದನ್ನು ನೋಡಿ ಮರುಳಾಗಿ, ಮರಳುಗಲ್ಲಿನಲ್ಲಿ ಇದನ್ನು ಕೆತ್ತಿಸಿದರಂತೆ. ಅಂದಿನಿಂದ ಬಿಸಿಲಿಗೂ ಮಳೆಗೂ ಮೈಯೊಡ್ಡಿ ಇವಳ ಮೂಗು ಸವೆದಿದೆ.

ಹೋದ ವರ್ಷ ಬೇಸಿಗೆಯ ಕೊನೆಗೆ ಮೈಸೂರಿನಿಂದ ಅಮ್ಮ ಬಂದಳು. ಬಂದ ಮರುದಿನವೇ ಹಿತ್ತಲಿಗೆ ಇಳಿದು, ಚಪ್ಪಲಿ ಬಿಟ್ಟು, ಕೈಮುಗಿದಳು.

"ಚಾಮುಂಡಿ ಕಣೇ. ಎಷ್ಟು ಆರಾಮಾಗಿ ಒರಗಿದ್ದಾಳೆ ನೋಡು, ಮಹಿಷನ ಕೆಲಸ ಮುಗೀತು ಅನ್ನೋ ಹಾಗೆ."

"ಅಮ್ಮಾ, ಅದು ಸಿಂಹ ಅಲ್ಲ, ಚಿರತೆ."

"ಈ ಊರಲ್ಲಿ ಅದೇ ಸಿಕ್ಕಿರಬೇಕು ಬಿಡು."

ನಕಲು ಎಂದರೆ, "ನಮ್ಮನೆ ಚಾಮುಂಡಿ ಪಟವೂ ಪ್ರಿಂಟೇ ಅಲ್ವಾ?" ಎಂದಳು. ಕೊನೆಗೆ ಒಡತಿ ಹೇಳಿದ್ದ ಕಥೆಯನ್ನೇ ಹೇಳಿದೆ. ಇವಳು ಗ್ರೀಕರ ಕಥೆಯ ಹುಡುಗಿ, ಯಾರನ್ನು ನಂಬಿ ಹೊರಟುಬಂದಳೋ ಅವನೇ ದ್ವೀಪವೊಂದರಲ್ಲಿ ಇವಳು ಮಲಗಿದ್ದಾಗ ಬಿಟ್ಟು ಹೋದ, ಆಮೇಲೆ ದೇವರೊಬ್ಬ ಬಂದು ಕೈಹಿಡಿದ. ಅಮ್ಮ ಕಲ್ಲಿನ ಮೇಲೆ ಬಿದ್ದಿದ್ದ ಎಲೆಯೊಂದನ್ನು ತೆಗೆದಳು. "ಹೋದ್ರೆ ಹೋಗ್ಲಿ. ಚಿರತೆ ಮೇಲೆ ಕೂತ್ಕೊಂಡ್ಳಲ್ಲ, ಅಷ್ಟು ಸಾಕು." ಮಾರನೆಯ ದಿನದಿಂದ ದಿನಾ ಒಂದು ಡೇಲಿಯಾ ಹೂವು ಕಲ್ಲಿನ ತೊಡೆಯ ಮೇಲೆ ಇರುತ್ತಿತ್ತು. ಒಡತಿಗೆ ಇದು ಬಲು ಇಷ್ಟವಾಯಿತು. ಆದರೆ ಅಮ್ಮ ಬಂದದ್ದು ಚಾಮುಂಡಿಗಾಗಿ ಅಲ್ಲ, ನಾಲ್ಕು ವರ್ಷದ ಮೊಮ್ಮಗಳಿಗಾಗಿ.

ನನ್ನ ಮಗಳು ಕಿಟಾಕ್ಕೆ, ಅಂದರೆ ಇಲ್ಲಿನ ಶಿಶುವಿಹಾರಕ್ಕೆ, ಸೇರಿದ ಮೇಲೆ ಅವಳ ಬಾಯಲ್ಲಿ ಕನ್ನಡ ನಿಂತುಹೋಗಿತ್ತು. ನಾನು ಕನ್ನಡದಲ್ಲಿ ಕೇಳುತ್ತೇನೆ, ಅವಳು ಜರ್ಮನ್‌ನಲ್ಲಿ ಉತ್ತರಿಸುತ್ತಾಳೆ. ಫೋನಿನಲ್ಲಿ ಮುತ್ತು ಕೊಟ್ಟು ಹೇಗೋ ಮುಚ್ಚಿಹೋಗುತ್ತಿದ್ದದ್ದು ಈಗ ಬಯಲಾಯಿತು. ಅಜ್ಜಿ ಕಥೆ ಹೇಳುವಳು, ಇವಳು ಕೇಳಿಸಿಕೊಂಡು ಜರ್ಮನ್‌ನಲ್ಲಿ ಏನೋ ಕೇಳುವಳು, ಅಜ್ಜಿ ನನ್ನ ಮುಖ ನೋಡುವಳು. ನೀರು ಬೇಕು, ಹಲ್ಲು ನೋಯುತ್ತಿದೆ, ಆ ರಾಕ್ಷಸ ಏನು ತಿನ್ನುತ್ತಿದ್ದ, ಎಲ್ಲಕ್ಕೂ ನಾನು ಮಧ್ಯೆ ಬೇಕು.

"ನನ್ನ ಮೊಮ್ಮಗಳ ಹತ್ರ ಮಾತಾಡಕ್ಕೆ ನೀನು ಮಧ್ಯೆ ನಿಂತ್ಕೋಬೇಕಾ?" ಎಂದಳು ಅಮ್ಮ ಒಂದು ಸಂಜೆ. ತಮಾಷೆಗೆ ಶುರುಮಾಡಿದ ಮಾತು, ಮುಗಿಸುವಾಗ ತಮಾಷೆಯಾಗಿ ಉಳಿದಿರಲಿಲ್ಲ.

ನನಗೆ ಉರಿದುಹೋಯಿತು. "ದಿನಾ ಕನ್ನಡದಲ್ಲೇ ಮಾತಾಡ್ತೀನಮ್ಮಾ. ಏನ್ ಮಾಡ್ಲಿ? ಕಲ್ಲಿನ ಮೇಲೆ ಮಳೆ ಸುರಿದ ಹಾಗೆ."

ಅಮ್ಮ ಹಿತ್ತಲಿನ ಕಡೆ ಗಲ್ಲ ಎತ್ತಿ ತೋರಿಸಿದಳು. "ಅವಳ ಮೂಗು ಸವೆದಿದ್ದು ಮತ್ತೆ ಯಾವುದರಿಂದ?"

ಮರುದಿನ ಅಮ್ಮ ಮಗುವನ್ನು ಚಿರತೆಯ ಪಕ್ಕ ಕೂರಿಸಿಕೊಂಡು ಗುಟ್ಟಾಗಿ ಹೇಳಿದಳು. "ಇವಳಿಗೆ ಜರ್ಮನ್ ಬರಲ್ಲ ಪುಟ್ಟೀ. ಕನ್ನಡ ಮಾತ್ರ." ಮಗಳು ನನ್ನ ಕಡೆ ತಿರುಗಿ, "ಸ್ಟಿಮ್ಟ್ ದಾಸ್?" ಎಂದಳು, ನಿಜವಾ ಎಂದು. ನಾನು ಹೌದೆಂದು ತಲೆಯಾಡಿಸಿದೆ. ಅವಳು ಬಹಳ ಹೊತ್ತು ಆ ಕಲ್ಲಿನ ಮುಖವನ್ನೇ ನೋಡಿದಳು. ಸಂಜೆಯ ಬಿಸಿಲು ಸೇಬಿನ ಎಲೆಗಳ ನಡುವಿನಿಂದ ಬಂದು ಮೂವರ ಮೇಲೂ ತೂಗಾಡುತ್ತಿತ್ತು, ಯಾರು ಕಲ್ಲು ಯಾರು ಮನುಷ್ಯರು ಎಂದು ಒಂದು ಗಳಿಗೆ ನನಗೇ ತಿಳಿಯಲಿಲ್ಲ. ಮಗಳು ಚಿರತೆಯ ಕಿವಿ ಸವರಿದಳು. ಮಾತು ಮಾತ್ರ ಆಡಲಿಲ್ಲ.

ದಸರೆ ಬಂದು ಹೋಯಿತು. ಅಮ್ಮ ಕಲ್ಲಿಗೆ ಅರಿಶಿನ ಕುಂಕುಮ ಇಟ್ಟಳು, ಮಳೆ ತೊಳೆಯಿತು. ಅವಳು ಹೊರಡುವ ದಿನವೂ ಬಂತು. ವಿಮಾನ ನಿಲ್ದಾಣದಲ್ಲಿ ಮಗಳು ಅಜ್ಜಿಯ ಕುತ್ತಿಗೆಗೆ ಜೋತುಬಿದ್ದು, "ಚ್ಯೂಸ್, ಅಜ್ಜಿ" ಎಂದು ಜರ್ಮನ್‌ನಲ್ಲೇ ವಿದಾಯ ಹೇಳಿದಳು. ಅಮ್ಮ ನಗುತ್ತಲೇ ಒಳಗೆ ಹೋದಳು. ಹಿಂದಿನಿಂದ ಅವಳ ಭುಜ ಅಲುಗುವುದು ಕಂಡಿತು.

ನವೆಂಬರಿನಲ್ಲಿ ಒಡತಿ ಎಂದಿನಂತೆ ವಿಗ್ರಹಕ್ಕೆ ಮರದ ಹಲಗೆಗಳ ಗೂಡು ಹೊದಿಸಿದರು. ಒದ್ದೆ ಕಲ್ಲಿನೊಳಗೆ ನೀರು ಹೆಪ್ಪುಗಟ್ಟಿದರೆ ಕಲ್ಲು ಬಿರಿಯುತ್ತದೆ, ಅದಕ್ಕೆ. ಕೊನೆಯ ಹಲಗೆ ಮುಚ್ಚುವವರೆಗೂ ಮಗಳು ಕಿಟಕಿ ಬಿಟ್ಟು ಕದಲಲಿಲ್ಲ. ಆಮೇಲೆ ನೋಡಿದರೆ ಮನೆಯೊಳಗೆ ಇಲ್ಲ.

ಕೋಟು ಹಿಡಿದು ಹಿತ್ತಲಿಗೆ ಓಡಿದೆ. ಮಂಜು ಇಳಿಯುತ್ತಿತ್ತು. ಅವಳು ಎರಡು ಹಲಗೆಗಳ ಸಂದಿಗೆ ಬಾಯಿಟ್ಟು ನಿಂತಿದ್ದಳು.

"ಹೆದರ್ಕೋಬೇಡ ಪುಟ್ಟೀ. ಕತ್ತಲೆ ಏನೂ ಮಾಡಲ್ಲ. ಅಮ್ಮ ಪಕ್ಕದ ರೂಮಲ್ಲೇ ಇದೀನಿ."

ನಾನು ನಿಂತಲ್ಲೇ ನಿಂತೆ. ಅದು ನನ್ನ ಮಾತು. ದೀಪ ಆರಿಸುವಾಗ ದಿನವೂ ಅವಳಿಗೆ ಹೇಳುವುದು, ಅದೇ ರಾಗ, ಕೊನೆಗೆ ಅದೇ ಎಳೆತ. ನನ್ನ ಮಾತಿನ ಒಂದು ಹನಿಯೂ ಹೊರಗೆ ಹರಿದುಹೋಗಿರಲಿಲ್ಲ. ಸ್ವಲ್ಪ ಯೋಚಿಸಿ ಅವಳು ಇನ್ನೊಂದು ಮಾತು ಸೇರಿಸಿದಳು. ಅದು ನನ್ನದಲ್ಲ, ಅಮ್ಮನದೂ ಅಲ್ಲ, ಪೂರ್ತಿ ಅವಳದೇ.

"ಅಜ್ಜಿ ಹೋಯ್ತು. ಬೇಸಿಗೆ ಜೊತೆ ಬರುತ್ತೆ."

ನನ್ನ ಕಣ್ಣು ತುಂಬಿ ಹಲಗೆಗೂಡೂ ಮಂಜೂ ಒಂದಾದವು. "ಬಾ ಕಂದಾ, ಒಳಗೆ ಹೋಗೋಣ" ಎಂದೆ. ಅವಳು ತಿರುಗಿ, ಚಳಿಯಾಗುತ್ತಿದೆ, ಎತ್ತಿಕೋ ಎಂದು ಜರ್ಮನ್‌ನಲ್ಲಿ ಹೇಳಿದಳು. ನಾನು ಎತ್ತಿಕೊಂಡೆ. ನನಗೆ ಜರ್ಮನ್ ಬರುತ್ತದಲ್ಲ.